ಎಲೆಕ್ಟ್ರಿಕ್ ಕಾರು, ಪ್ಲಗ್-ಇನ್ ಹೈಬ್ರಿಡ್: ನಿಜಕ್ಕೂ ಎಷ್ಟು ಎಣ್ಣೆ, ಎಷ್ಟು ಕಲ್ಲಿದ್ದಲು ಉಳಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಕೊಳ್ಳಲು ಹೊರಟವರು, ಕೊಂಡಾದವರು, ಇದೆಲ್ಲ ಬರೀ ಬೊಗಳೆ ಎಂದು ವಾದಕ್ಕೆ ನಿಂತವರು, ಹೀಗೆ ಮೂರೂ ಬಗೆಯವರಿಂದ ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹೆಚ್ಚುಕಡಿಮೆ ಹಾಗೇ ಇಟ್ಟಿದ್ದೇವೆ. ಹೋಲಿಸಲು ಸುಲಭವಾಗಲೆಂದು ಲೆಕ್ಕವೆಲ್ಲ 100 ಕಿಮೀ ಓಟಕ್ಕೆ. ಕಾರು ಈಗ ಎಲ್ಲ ಊರಲ್ಲೂ ಕಾಣುವ ಸಣ್ಣ ಎಸ್‌ಯುವಿ ಗಾತ್ರದ್ದು: ಪೆಟ್ರೋಲಿನದಾದರೆ ಲೀಟರಿಗೆ 15 ಕಿಮೀ, ಎಲೆಕ್ಟ್ರಿಕ್ ಆದರೆ 100 ಕಿಮೀಗೆ ಮನೆಯ ಮೀಟರಿನಲ್ಲಿ 16 ಯೂನಿಟ್. ನಿಮ್ಮ ಕಾರಿನ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

## ಮೊದಲಿಗೆ

ಷೋರೂಮಿಗೆ ಹೋದರೆ ಎಲ್ಲಕ್ಕೂ 'ಹೈಬ್ರಿಡ್' ಅಂತಾರೆ. ಯಾವುದು ಏನು ಅಂತ ಸ್ವಲ್ಪ ಬಿಡಿಸಿ ಹೇಳಿ.

ಕಾರಿಗೆ ಪ್ಲಗ್ ಹಾಕುವ ಜಾಗ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದು ಏನೇ ಹೆಸರಿಟ್ಟುಕೊಂಡಿರಲಿ, ಓಡುವುದು ನೂರಕ್ಕೆ ನೂರು ಬಂಕಿನಲ್ಲಿ ತುಂಬಿಸಿದ ಇಂಧನದಿಂದಲೇ.

ಮೈಲ್ಡ್ ಹೈಬ್ರಿಡ್ ಎಂದರೆ ಸ್ಟಾರ್ಟರ್ ಮೋಟಾರನ್ನೇ ಸ್ವಲ್ಪ ದೊಡ್ಡದು ಮಾಡಿ, ಕಾರು ಹೊರಡುವಾಗ ಎಂಜಿನ್ನಿಗೆ ಕೈಹಿಡಿಯುವಂತೆ ಮಾಡಿದ್ದು. ಇಂಧನದ ಉಳಿತಾಯ ಅಲ್ಪ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಒಂದೆರಡು ಯೂನಿಟ್ ಹಿಡಿಯುವ ಬ್ಯಾಟರಿಯೂ, ಕಾರನ್ನು ಒಂಟಿಯಾಗಿ ಎಳೆಯಬಲ್ಲ ಮೋಟಾರೂ ಇರುತ್ತವೆ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್, ಹೈರೈಡರ್‌ಗಳ ಹೈಬ್ರಿಡ್ ಮಾದರಿಗಳು ಈ ಜಾತಿ. ಬ್ರೇಕ್ ಒತ್ತಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಸಿಗ್ನಲ್ಲಿನಲ್ಲೂ ನಿಧಾನಗತಿಯಲ್ಲೂ ಎಂಜಿನ್ ಆರಿಸಿ ಓಡುತ್ತವೆ. ಪ್ಲಗ್-ಇನ್ ಹೈಬ್ರಿಡ್‌ನ ಬ್ಯಾಟರಿ 10ರಿಂದ 25 ಯೂನಿಟ್. ಗೋಡೆಯ ಕರೆಂಟಿನಿಂದ 50–100 ಕಿಮೀ ಓಡಿ, ಮುಗಿದ ಮೇಲೆ ಎಂಜಿನ್ನಿಗೆ ಮರಳುತ್ತದೆ. ಪೂರ್ಣ ಎಲೆಕ್ಟ್ರಿಕ್‌ನಲ್ಲಿ ಎಂಜಿನ್ನೇ ಇಲ್ಲ.

ಕರೆಂಟೂ ಕಲ್ಲಿದ್ದಲಿಂದಲೇ ತಾನೆ ಬರೋದು? ಹೊಗೆ ಬೆಂಗಳೂರಲ್ಲಿ ಬಿಡೋ ಬದಲು ರಾಯಚೂರಲ್ಲಿ ಬಿಟ್ಟ ಹಾಗಾಯ್ತು, ಅಷ್ಟೆ ಅಲ್ವಾ?

ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಅರ್ಧ ನಿಜವಿರುವ ಪ್ರಶ್ನೆಯಾದ್ದರಿಂದ ಪೂರ್ತಿ ಲೆಕ್ಕ ಹಾಕಿಯೇ ಉತ್ತರಿಸಬೇಕು.

ಪೆಟ್ರೋಲ್ ಕಾರು 100 ಕಿಮೀಗೆ ಸುಡುವುದು 6.7 ಲೀಟರ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ; ಅಂದರೆ ಸೈಲೆನ್ಸರಿನಿಂದ 15.4 ಕೆಜಿ. ಕಚ್ಚಾ ಎಣ್ಣೆ ತೆಗೆದು, ಹಡಗಿನಲ್ಲಿ ತಂದು, ರಿಫೈನರಿಯಲ್ಲಿ ಕಾಯಿಸಿ, ಟ್ಯಾಂಕರಿನಲ್ಲಿ ಬಂಕಿಗೆ ಮುಟ್ಟಿಸುವ ಖರ್ಚು ಇದರ ಐದನೇ ಒಂದು ಭಾಗದಷ್ಟು. ಎಲ್ಲ ಸೇರಿ 18.5 ಕೆಜಿ. ಮುಂದೆ ಕೆಜಿ ಲೆಕ್ಕದಲ್ಲಿ 'ಹೊಗೆ' ಎಂದಾಗಲೆಲ್ಲ ಈ ಇಂಗಾಲದ ಡೈಆಕ್ಸೈಡ್ ಎಂದೇ ಅರ್ಥ.

ಎಲೆಕ್ಟ್ರಿಕ್ ಕಾರಿಗೆ ಮೀಟರಿನಲ್ಲಿ 16 ಯೂನಿಟ್ ಬೇಕು. ತಂತಿ, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಶೇ. 15ರಷ್ಟು ಸೋರಿಹೋಗುತ್ತದೆ ಎಂದು ಹಿಡಿದರೆ ಸ್ಥಾವರದಲ್ಲಿ ಉತ್ಪಾದನೆಯಾಗಬೇಕಾದದ್ದು ಸುಮಾರು 19 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಅಂಕಿಯಂತೆ ಭಾರತದ ಸರಾಸರಿ ಯೂನಿಟ್ಟಿಗೆ 0.7 ಕೆಜಿಯ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲು ಅಗೆದು ರೈಲಿನಲ್ಲಿ ಸಾಗಿಸುವುದನ್ನೂ ಸೇರಿಸಿದರೆ 14 ಕೆಜಿ.

18.5 ಎಲ್ಲಿ, 14 ಎಲ್ಲಿ. ಕಾಲು ಭಾಗ ಕಡಿಮೆಯಾಯಿತು. ಹೊಗೆ ಬರೀ ಜಾಗ ಬದಲಿಸಿತು ಎನ್ನುವುದು ತಪ್ಪು. ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಪ್ರಶ್ನೆ ಹೊಗೆಯದ್ದಲ್ಲ, ನೆಲದಿಂದ ತೆಗೆದ ಇಂಧನದ್ದು ಎಂದರೆ ಲೆಕ್ಕ ಇನ್ನೂ ಸ್ಪಷ್ಟ. 19 ಯೂನಿಟ್‌ನಲ್ಲಿ ಮುಕ್ಕಾಲು ಪಾಲು, ಅಂದರೆ 14 ಯೂನಿಟ್, ಕಲ್ಲಿದ್ದಲಿನದ್ದು. ನಮ್ಮ ಬೂದಿ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಯೂನಿಟ್ಟಿಗೆ ಸುಮಾರು 700 ಗ್ರಾಂ ಬೇಕು. 100 ಕಿಮೀಗೆ 6.7 ಲೀಟರ್ ಪೆಟ್ರೋಲಿನ ಬದಲು 10 ಕೆಜಿ ಕಲ್ಲಿದ್ದಲು ಎಂದಾಯಿತು. ತೂಕ ನೋಡಿ ಗಾಬರಿಯಾಗಬೇಡಿ. ಆ ಕಲ್ಲಿದ್ದಲಿನಲ್ಲಿರುವ ಶಾಖ 41 ಯೂನಿಟ್ಟಿನಷ್ಟು; ಪೆಟ್ರೋಲಿನಲ್ಲಿ, ರಿಫೈನರಿಯ ಖರ್ಚೂ ಸೇರಿ, 70 ಯೂನಿಟ್. ಶಾಖದ ಲೆಕ್ಕದಲ್ಲಿ ಉಳಿತಾಯ ಶೇ. 40ರ ಹತ್ತಿರ ಬಂದರೂ ಹೊಗೆಯಲ್ಲಿ ಶೇ. 25ಕ್ಕೆ ನಿಲ್ಲುವುದೇಕೆಂದರೆ, ಅಷ್ಟೇ ಶಾಖಕ್ಕೆ ಕಲ್ಲಿದ್ದಲು ಪೆಟ್ರೋಲಿಗಿಂತ ಹೆಚ್ಚು ಇಂಗಾಲ ಉಗುಳುತ್ತದೆ.

ಒಂದು ಬಿಟ್ಟು ಇನ್ನೊಂದು ಸುಡೋದರಿಂದ ದೇಶಕ್ಕೇನು ಬಂತು?

ಭಾರತ ಬಳಸುವ ಕಚ್ಚಾ ಎಣ್ಣೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಕಲ್ಲಿದ್ದಲು ಬಹುಪಾಲು ಇಲ್ಲಿಯದೇ. ಎಲೆಕ್ಟ್ರಿಕ್ ಕಾರು ಎಣ್ಣೆಯನ್ನಂತೂ ಪೂರ್ತಿ ಉಳಿಸುತ್ತದೆ, ಯಾಕೆಂದರೆ ನಮ್ಮಲ್ಲಿ ಎಣ್ಣೆಯಿಂದ ಕರೆಂಟ್ ತಯಾರಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ವಿಷಯ: ಪೆಟ್ರೋಲ್ ಕಾರು ಹದಿನೈದು ವರ್ಷ ಪೆಟ್ರೋಲನ್ನೇ ಕುಡಿಯುತ್ತದೆ, ಎಲೆಕ್ಟ್ರಿಕ್ ಕಾರಿನ ಕರೆಂಟಿನಲ್ಲಿ ಬಿಸಿಲು-ಗಾಳಿಯ ಪಾಲು ಏರುತ್ತ ಹೋಗುತ್ತದೆ. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು-ಅನಿಲೇತರ ಮೂಲಗಳ ಪಾಲು ಅರ್ಧ ದಾಟಿತು. ಇದು ಸಾಮರ್ಥ್ಯದ ಮಾತು, ಉತ್ಪಾದನೆಯದ್ದಲ್ಲ. ರಾತ್ರಿ ಸೋಲಾರ್ ಫಲಕ ಸುಮ್ಮನೆ ಕೂತಿರುತ್ತದೆ. ಜಾಹೀರಾತುಗಳು ಈ ಎರಡನ್ನೂ ಬೇಕೆಂದೇ ಕಲಸಿಬಿಡುತ್ತವೆ.

ಮೋಟಾರಿಗೆ ಯಾಕೆ ಅಷ್ಟು ಕಡಿಮೆ ಶಕ್ತಿ ಸಾಕು?

ಊರೊಳಗೆ ಓಡುವ ಪೆಟ್ರೋಲ್ ಎಂಜಿನ್ ಇಂಧನದ ಶಾಖದಲ್ಲಿ ಕಾಲು ಭಾಗವನ್ನೂ ಚಕ್ರಕ್ಕೆ ಮುಟ್ಟಿಸುವುದು ಕಷ್ಟ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್ ಪಾಲು. ನಿಂತಲ್ಲೇ ಎಂಜಿನ್ ಚಾಲೂ ಇಟ್ಟರೆ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಹೋಗುತ್ತದೆ, ಎಸಿ ಹಾಕಿದರೆ ಇನ್ನೂ ಹೆಚ್ಚು. ಮೋಟಾರು, ಅದಕ್ಕೆ ಬೇಕಾದ ಹಾಗೆ ಬ್ಯಾಟರಿಯ ಕರೆಂಟನ್ನು ಮಾರ್ಪಡಿಸುವ ಇನ್ವರ್ಟರ್, ಈ ಜೋಡಿ ಬ್ಯಾಟರಿಯಿಂದ ಪಡೆದದ್ದರಲ್ಲಿ ಶೇ. 85ರಿಂದ 90ರಷ್ಟನ್ನು ಚಕ್ರಕ್ಕೆ ಕೊಡುತ್ತದೆ, ನಿಂತಾಗ ಏನೂ ತಿನ್ನುವುದಿಲ್ಲ, ಬ್ರೇಕಿನಲ್ಲಿ ಒಂದಿಷ್ಟು ವಾಪಸ್ಸು ತರುತ್ತದೆ. ಸಿಲ್ಕ್ ಬೋರ್ಡಿನಂಥ ಕಡೆ ಎಲೆಕ್ಟ್ರಿಕ್‌ನ ಲಾಭ ಅತಿ ಹೆಚ್ಚು; ಮೈಸೂರು ಹೆದ್ದಾರಿಯಲ್ಲಿ 100ರ ವೇಗದಲ್ಲಿ ಅತಿ ಕಡಿಮೆ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುವುದರಿಂದ ಅಲ್ಲಿ 16 ಯೂನಿಟ್ಟಿನ ಕಾರು 19–20 ಕೇಳುತ್ತದೆ.

## ಪ್ಲಗ್-ಇನ್ ಹೈಬ್ರಿಡ್

ಪ್ಲಗ್-ಇನ್ ಕಾರಿನ ಬ್ರೋಷರಲ್ಲಿ ಲೀಟರಿಗೆ 60 ಕಿಮೀ ಅಂತಿರುತ್ತೆ. ನಂಬಬಹುದಾ?

ಬೇಡ. ಆ ಸಂಖ್ಯೆ ಎರಡು ಪರೀಕ್ಷೆಗಳ ಮಿಶ್ರಣ: ಬ್ಯಾಟರಿ ತುಂಬಿದ್ದಾಗ ಒಂದು, ಖಾಲಿಯಾದ ಮೇಲೆ ಒಂದು. ಇವನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕೆನ್ನುವುದು ಜನ ಎಷ್ಟು ಬಾರಿ ಚಾರ್ಜ್ ಮಾಡಬಹುದು ಎಂಬ ಊಹೆಯ ಮೇಲೆ ನಿಂತಿದೆ. ಯುರೋಪಿನ ನಿಯಮದಲ್ಲಿ ಈ ಊಹೆ ಬಹಳ ಉದಾರವಾಗಿತ್ತು. ಒಟ್ಟು ಓಟದ ಶೇ. 70–85 ಕರೆಂಟಿನಲ್ಲೇ ಎಂದು ಹಿಡಿದಿದ್ದರು.

ಆಮೇಲೆ ಅಳತೆ ಬಂತು. 2021ರಿಂದ ಅಲ್ಲಿ ಹೊಸ ಕಾರುಗಳು ಸುಟ್ಟ ಇಂಧನವನ್ನು ತಾವೇ ದಾಖಲಿಸಬೇಕು. ಆ ದಾಖಲೆಗಳನ್ನಿಟ್ಟು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು: ಪ್ಲಗ್-ಇನ್ ಹೈಬ್ರಿಡ್‌ಗಳ ನಿಜ ರಸ್ತೆಯ ಹೊಗೆ ಪರೀಕ್ಷೆಯ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ಬರೀ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ಅಂತರ ಶೇ. 20ರ ಸುತ್ತ ಇತ್ತು. ಅದಕ್ಕೂ ಮೊದಲು, 2022ರಲ್ಲಿ, ಸಾರಿಗೆಯ ಹೊಗೆಯನ್ನು ಅಧ್ಯಯನ ಮಾಡುವ ಐಸಿಸಿಟಿ ಮತ್ತು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಗಳ ಅಧ್ಯಯನ ಕಾರಣವನ್ನೂ ಬಿಡಿಸಿ ತೋರಿಸಿತ್ತು. ಸ್ವಂತಕ್ಕೆ ಕೊಂಡವರು ಓಟದ ಅರ್ಧಕ್ಕೆ ಹತ್ತಿರ ಕರೆಂಟಿನಲ್ಲಿ ಓಡಿಸಿದ್ದರು; ಕಂಪನಿ ಕೊಟ್ಟ ಕಾರಿನವರು ಶೇ. 11–15 ಮಾತ್ರ. ಕಂಪನಿಯ ಕಾರ್ಡಿನಲ್ಲಿ ಪೆಟ್ರೋಲ್ ಪುಕ್ಕಟೆ, ಮನೆಯ ಕರೆಂಟ್ ಬಿಲ್ಲು ಸ್ವಂತದ್ದು ಎಂದ ಮೇಲೆ ಯಾರು ತಾನೆ ಕೇಬಲ್ ಬಿಚ್ಚುತ್ತಾರೆ? ತೆರಿಗೆ ರಿಯಾಯಿತಿಗಾಗಿ ಕೊಂಡ ಕಾರು ಅದು. ಬ್ರಿಟನ್ ಇಂಥ ಕಾರುಗಳಿಗೆ ಕೊಡುತ್ತಿದ್ದ ಸಹಾಯಧನವನ್ನು 2018ರಲ್ಲೇ ನಿಲ್ಲಿಸಿತು. ಯುರೋಪ್ ಈಗ ಪರೀಕ್ಷೆಯ ಊಹೆಯನ್ನು ಹಂತ ಹಂತವಾಗಿ ಬಿಗಿ ಮಾಡುತ್ತಿದೆ.

ಚಾರ್ಜೇ ಮಾಡದೆ ಓಡಿಸಿದರೆ ಏನಾಗುತ್ತೆ?

ಕಾರಿಗೇನೂ ಆಗುವುದಿಲ್ಲ. 150–250 ಕೆಜಿ ಹೆಚ್ಚಿನ ತೂಕ ಹೊತ್ತ ಹೈಬ್ರಿಡ್ ಆಗಿ ಓಡುತ್ತದೆ; ಅದೇ ಗಾತ್ರದ ಸ್ಟ್ರಾಂಗ್ ಹೈಬ್ರಿಡ್‌ಗಿಂತ ಹೆಚ್ಚು ಕುಡಿಯುತ್ತದೆ. 'ಚಾರ್ಜ್' ಅಥವಾ 'ಸೇವ್' ಮೋಡಿನಲ್ಲಿ ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವುದಂತೂ ಅತಿ ದುಬಾರಿ ಕರೆಂಟ್. ಆ ಬಟನ್ನನ್ನು ಮುಟ್ಟಬೇಡಿ.

ಬ್ಯಾಟರಿ ಫುಲ್ ಇದ್ದರೂ ಎಂಜಿನ್ ತಾನಾಗೇ ಸ್ಟಾರ್ಟ್ ಆಗುತ್ತೆ. ಕೆಟ್ಟಿದೆಯಾ?

ಸಾಮಾನ್ಯವಾಗಿ ಇಲ್ಲ. ಅಮೆರಿಕ, ಯುರೋಪಿನ ಚಳಿಯಲ್ಲಿರುವ ಕನ್ನಡಿಗರಿಂದ ಈ ಪ್ರಶ್ನೆ ಹೆಚ್ಚು ಬರುತ್ತದೆ, ಅದಕ್ಕೆ ಕಾರಣವೂ ಚಳಿಯೇ. ಕೆಲವು ಮಾದರಿಗಳಲ್ಲಿ ಒಳಗೆ ಹೀಟರ್ ಹಾಕಿದರೆ ಶಾಖ ಬರುವುದು ಎಂಜಿನ್ ನೀರಿನಿಂದ. ಹಾಗಾಗಿ ಎಂಜಿನ್ ಓಡಲೇಬೇಕು. ಕೊಳ್ಳುವ ಮೊದಲು ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಕರೆಂಟಿನಿಂದ ಒಳಗೆ ಎಳೆಯುವ ಸಾಧನ) ಅಥವಾ ವಿದ್ಯುತ್ ಹೀಟರ್ ಇದೆಯೇ ಎಂದು ಕೇಳಿ. ಸೀಟಿನ ಹೀಟರ್ ಮಾತ್ರ ಹಾಕಿಕೊಂಡರೆ ಎಷ್ಟೋ ಸಲ ಎಂಜಿನ್ ಸುಮ್ಮನಿರುತ್ತದೆ.

ಎರಡನೆಯದು ಆಕ್ಸಿಲರೇಟರ್. ಪ್ಲಗ್-ಇನ್‌ಗಳಲ್ಲಿ ಮೋಟಾರು ಒಟ್ಟು ಶಕ್ತಿಯ ಅರ್ಧದಷ್ಟೇ ಇರುವುದು ಸಾಮಾನ್ಯ. ಗಟ್ಟಿಯಾಗಿ ಒತ್ತಿದರೆ ಎಂಜಿನ್ ಸೇರಿಕೊಳ್ಳುತ್ತದೆ. 2010ರಲ್ಲಿ ಬಂದ ಷೆವ್ರೊಲೆ ವೋಲ್ಟ್ ಇದಕ್ಕೆ ಅಪವಾದ. ಅದರ ಮೋಟಾರು ಪೂರ್ಣ ವೇಗಕ್ಕೂ ಸಾಕಾಗುವಷ್ಟಿತ್ತು, ಬ್ಯಾಟರಿ ಮುಗಿಯುವ ತನಕ ಎಂಜಿನ್ ಏಳುತ್ತಿರಲಿಲ್ಲ. ಪ್ಲಗ್-ಇನ್ ಹೇಗಿರಬೇಕೋ ಹಾಗಿದ್ದ ಕಾರು. 2019ರಲ್ಲಿ ಅದನ್ನೇ ನಿಲ್ಲಿಸಿದರು.

ಇನ್ನುಳಿದ ಕಾರಣಗಳು: ತುಂಬಿದ ಬ್ಯಾಟರಿಯೊಂದಿಗೆ ಘಾಟಿ ಇಳಿಯುವಾಗ ಬ್ರೇಕಿನ ಕರೆಂಟ್ ಇಡಲು ಜಾಗವಿಲ್ಲದೆ ಎಂಜಿನ್ ಬ್ರೇಕಿಂಗ್ ಬಳಸುವುದು, ತಿಂಗಳುಗಟ್ಟಲೆ ಪೆಟ್ರೋಲ್ ಮುಟ್ಟದಿದ್ದರೆ ಹಳಸಿದ ಇಂಧನ ಖಾಲಿ ಮಾಡಲು, ಎಂಜಿನ್ನಿಗೆ ಎಣ್ಣೆ ಸವರಲು ಕಾರು ತಾನೇ ಸ್ವಲ್ಪ ಹೊತ್ತು ಓಡಿಸಿಕೊಳ್ಳುವುದು. ಬೆಚ್ಚಗಿನ ದಿನ, ನಿಧಾನ ಓಟ, ಬ್ಯಾಟರಿ ತುಂಬಿದೆ, ಆದರೂ ಪ್ರತಿಸಲ ಎಂಜಿನ್ ಏಳುತ್ತದೆ ಎಂದಾದರೆ ಮಾತ್ರ ಸರ್ವಿಸ್ ಸೆಂಟರಿಗೆ ಹೋಗಿ.

ನನ್ನದು ದಿನಾ 40 ಕಿಮೀ, ವರ್ಷಕ್ಕೆ ನಾಲ್ಕು ಸಲ ಊರಿಗೆ. ಎಲೆಕ್ಟ್ರಿಕ್ಕಾ, ಪ್ಲಗ್-ಇನ್ನಾ, ಸ್ಟ್ರಾಂಗ್ ಹೈಬ್ರಿಡ್ಡಾ?

ಭಾರತದಲ್ಲಿ ಪ್ಲಗ್-ಇನ್ ಆಯ್ಕೆಗಳು ಬೆರಳೆಣಿಕೆ, ಅವೂ ಬಹುತೇಕ ಐಷಾರಾಮಿ ಕಾರುಗಳು. ಆದರೂ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ನೋಡೋಣ, ಫಲಿತಾಂಶ ಕೆಲವರಿಗೆ ಹಿಡಿಸದಿರಬಹುದು.

ಊರೊಳಗೆ ಸ್ಟ್ರಾಂಗ್ ಹೈಬ್ರಿಡ್ ಲೀಟರಿಗೆ 22 ಕಿಮೀ ಕೊಟ್ಟರೆ 100 ಕಿಮೀಗೆ 4.5 ಲೀಟರ್, ಬಂಕಿನವರೆಗಿನ ಖರ್ಚೂ ಸೇರಿ 12.6 ಕೆಜಿ ಹೊಗೆ. ದೇಶದ ಸರಾಸರಿ ಕರೆಂಟಿನಲ್ಲಿ ಎಲೆಕ್ಟ್ರಿಕ್ ಕಾರಿನದ್ದು 14 ಕೆಜಿ ಎಂದು ಮೇಲೆ ನೋಡಿದೆವು. ಹೌದು, ಇವತ್ತಿನ ಸರಾಸರಿ ಗ್ರಿಡ್‌ನಲ್ಲಿ ಒಳ್ಳೆಯ ಸ್ಟ್ರಾಂಗ್ ಹೈಬ್ರಿಡ್ ಹೊಗೆಯ ಲೆಕ್ಕದಲ್ಲಿ ಎಲೆಕ್ಟ್ರಿಕ್‌ಗೆ ಸಮ, ಕೂದಲೆಳೆ ಮುಂದೆ ಎಂದರೂ ಸರಿ. ಪ್ಲಗ್-ಇನ್ ಅರ್ಧ ದೂರ ಕರೆಂಟಿನಲ್ಲಿ (100 ಕಿಮೀಗೆ 18 ಯೂನಿಟ್ ಲೆಕ್ಕ), ಅರ್ಧ ಪೆಟ್ರೋಲಿನಲ್ಲಿ (ಲೀಟರಿಗೆ 18 ಕಿಮೀ) ಓಡಿದರೆ 15 ಕೆಜಿ ದಾಟುತ್ತದೆ.

ಎಣ್ಣೆಯ ಲೆಕ್ಕ ಬೇರೆ: ಪೆಟ್ರೋಲ್ ಕಾರು 6.7 ಲೀಟರ್, ಸ್ಟ್ರಾಂಗ್ ಹೈಬ್ರಿಡ್ 4.5, ಪ್ಲಗ್-ಇನ್ 2.8, ಎಲೆಕ್ಟ್ರಿಕ್ ಸೊನ್ನೆ.

ಹಾಗಾಗಿ ನಮ್ಮ ಸಲಹೆ ಪಾರ್ಕಿಂಗ್ ಜಾಗವನ್ನು ಅವಲಂಬಿಸಿದೆ. ಸ್ವಂತ ಪಾರ್ಕಿಂಗ್, ಸ್ವಂತ ಪ್ಲಗ್ ಇದ್ದು, ಹಗಲು ಚಾರ್ಜ್ ಮಾಡಬಹುದಾದರೆ ಅಥವಾ ಮಾಳಿಗೆಯಲ್ಲಿ ಸೋಲಾರ್ ಇದ್ದರೆ ಎಲೆಕ್ಟ್ರಿಕ್. ಅಲ್ಲಿ ಬೇರೆ ಯಾವುದೂ ಹತ್ತಿರ ಬರುವುದಿಲ್ಲ. ಬೀದಿಯಲ್ಲಿ ನಿಲ್ಲಿಸುವವರಿಗೆ ಸ್ಟ್ರಾಂಗ್ ಹೈಬ್ರಿಡ್. ಪ್ಲಗ್-ಇನ್ ಹೊಂದುವುದು ಬಹಳ ಇಕ್ಕಟ್ಟಾದ ಒಂದು ಗುಂಪಿಗೆ: ದಿನಾ ರಾತ್ರಿ ಮನೆಯಲ್ಲಿ ತಪ್ಪದೆ ಚಾರ್ಜ್ ಮಾಡುವ, ದಿನದ ಓಟ ಬ್ಯಾಟರಿಯೊಳಗೆ ಮುಗಿಯುವ, ಆದರೆ ಚಾರ್ಜರ್ ಸಿಗದ ದೂರದ ದಾರಿಗೂ ಅದೇ ಕಾರು ಬೇಕಾದವರು. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗಲು ಉಳಿದ ದಿನವೆಲ್ಲ ಎಂಜಿನ್ ಹೊತ್ತು ತಿರುಗುವುದು ಅಷ್ಟೇನೂ ಜಾಣತನವಲ್ಲ. ಆ ನಾಲ್ಕು ಸಲಕ್ಕೆ ಬಾಡಿಗೆ ಕಾರು ಅಗ್ಗ.

## ಚಾರ್ಜಿಂಗ್

ರಾತ್ರಿ ಹಾಕಿ ಮಲಗೋದು ಒಳ್ಳೇದಾ, ಹಗಲಲ್ಲಾ?

'ರಾತ್ರಿ ಕರೆಂಟ್ ಯಾರಿಗೂ ಬೇಡ, ಆಗ ಹಾಕಿ' ಎಂಬ ಮಾತು ಹಳೆಯ ಕಾಲದ್ದು. ಈಗ ಮಧ್ಯಾಹ್ನ ಸೋಲಾರ್ ಹರಿದು ಬರುತ್ತದೆ. ಕಲ್ಲಿದ್ದಲ ಘಟಕಗಳನ್ನು ಸಾಮರ್ಥ್ಯದ ಶೇ. 55ರ ಕೆಳಗೆ ಇಳಿಸುವುದು ಕಷ್ಟವಾದ್ದರಿಂದ ಕೆಲವು ದಿನ ಸೋಲಾರ್ ಕರೆಂಟನ್ನೇ ಕಡಿತ ಮಾಡಬೇಕಾಗುತ್ತದೆ. ಆ ಹೊತ್ತಿನಲ್ಲಿ ನೀವು ಎಳೆದ ಯೂನಿಟ್ಟಿಗೆ ಹೊಸದಾಗಿ ಕಲ್ಲಿದ್ದಲು ಸುಡುವುದು ಬಹಳ ಕಡಿಮೆ. ಸಂಜೆ 6ರಿಂದ 10 ಅತ್ಯಂತ ಕೆಟ್ಟ ಹೊತ್ತು: ಬಿಸಿಲು ಹೋಗಿರುತ್ತದೆ, ಎಲ್ಲರ ಮನೆಯ ದೀಪ, ಗೀಸರ್, ಟಿವಿ ಎದ್ದಿರುತ್ತವೆ. ನಡುರಾತ್ರಿ ಸಂಜೆಗಿಂತ ವಾಸಿ, ಆದರೆ ಹೆಚ್ಚುವರಿ ಯೂನಿಟ್ ಆಗಲೂ ಕಲ್ಲಿದ್ದಲಿನದ್ದೇ. ಮಲೆನಾಡಿನಲ್ಲಿ ಗಾಳಿ-ಮಳೆ ಜೋರಿರುವ ಜೂನ್–ಸೆಪ್ಟೆಂಬರ್ ಸ್ವಲ್ಪ ಬೇರೆ, ಆಗ ರಾತ್ರಿಯೂ ಗಾಳಿ, ನೀರಿನ ಕರೆಂಟ್ ಹೆಚ್ಚಿರುತ್ತದೆ.

ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯೂ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಿಗ್ಗೆ 9ರಿಂದ ಸಂಜೆ 4ರ ತನಕ ಅಗ್ಗದ ದರ ಇಡಲು ಹೇಳುತ್ತದೆ. ಆಫೀಸಿನಲ್ಲಿ ಚಾರ್ಜರ್ ಹಾಕಿಸಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಶನಿವಾರ-ಭಾನುವಾರ ಮನೆಯಲ್ಲಿದ್ದರೆ ವಾರದ ದೊಡ್ಡ ಚಾರ್ಜನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ರಾತ್ರಿಯೇ ಗತಿ ಎಂದರೆ ಟೈಮರನ್ನು 11ರ ನಂತರಕ್ಕೆ ಇಡಿ.

ಮನೆ ಮೇಲೆ ಸೋಲಾರ್ ಇದೆ. ನನ್ನ ಕಾರು ಬಿಸಿಲಲ್ಲೇ ಓಡ್ತಿದೆ ಅಂದ್ಕೋಬಹುದಾ?

ವರ್ಷದ ಲೆಕ್ಕದಲ್ಲಿ ಸರಿ, ಗಂಟೆಯ ಲೆಕ್ಕದಲ್ಲಿ ಅಲ್ಲ. ಕೊಟ್ಟ ಯೂನಿಟ್ಟನ್ನು ಪಡೆದದ್ದರಿಂದ ಕಳೆದು ಬಿಲ್ಲು ಮಾಡುವ ನೆಟ್ ಮೀಟರಿಂಗ್‌ನಲ್ಲಿ ಹಗಲು ನೀವು ಕೊಟ್ಟ ಯೂನಿಟ್ ಪಕ್ಕದ ಮನೆಗೆ ಹೋಗುತ್ತದೆ, ರಾತ್ರಿ ಕಾರಿಗೆ ಬಂದದ್ದು ಗ್ರಿಡ್ಡಿನದ್ದು. ಬಿಲ್ಲು ಸೊನ್ನೆಯಾದರೂ ಕಲ್ಲಿದ್ದಲು ಸೊನ್ನೆಯಲ್ಲ. ಆದರೂ ಆ ಸೋಲಾರ್ ಇಲ್ಲದಿದ್ದಾಗಿನದಕ್ಕಿಂತ ಪರಿಸ್ಥಿತಿ ಎಷ್ಟೋ ಉತ್ತಮ.

ಎಷ್ಟು ಬೇಕು? ವರ್ಷಕ್ಕೆ 12,000 ಕಿಮೀ ಓಡಿಸಿದರೆ 1,920 ಯೂನಿಟ್. ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ 1,400ರ ಮೇಲೆ ಕೊಡುತ್ತದೆ. ಕಾರಿಗೆಂದೇ ಒಂದೂವರೆ ಕಿಲೋವ್ಯಾಟ್ ಸಾಕು. ಧೂಳು ಒರೆಸದಿದ್ದರೆ, ತೆಂಗಿನ ಮರದ ನೆರಳು ಬಿದ್ದರೆ ಸಾಲದು. ಮನೆಗೂ ಸೇರಿ 3 ಕಿಲೋವ್ಯಾಟ್ ಹಾಕಿಸಿದರೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಗರಿಷ್ಠ ಸಹಾಯಧನ 78,000 ರೂಪಾಯಿ.

ಕಾರು 100 ಕಿಮೀಗೆ 13 ಯೂನಿಟ್ ಅನ್ನುತ್ತೆ, ಮೀಟರ್ 16 ಅನ್ನುತ್ತೆ. ಯಾರು ಸುಳ್ಳು?

ಇಬ್ಬರೂ ನಿಜ. ಕಾರು ಹೇಳುವುದು ಬ್ಯಾಟರಿಯಿಂದ ಹೊರಗೆ ಬಂದದ್ದು. ನೀವು ಹಣ ಕೊಡುವುದು ಗೋಡೆಯಿಂದ ಒಳಗೆ ಹೋದದ್ದಕ್ಕೆ. ಗೋಡೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಕರೆಂಟ್ ಮಾಡುವಲ್ಲಿ, ಕೇಬಲ್ ಬಿಸಿಯಾಗುವಲ್ಲಿ, ಬ್ಯಾಟರಿ ತಣ್ಣಗಿಡುವಲ್ಲಿ ಉಳಿದದ್ದು ಹೋಗುತ್ತದೆ. ಚಾರ್ಜ್ ಆಗುವಾಗ ಕಾರಿನ ಎಲೆಕ್ಟ್ರಾನಿಕ್ಸ್ ಎಚ್ಚರವಾಗಿದ್ದು 200–300 ವ್ಯಾಟ್ ಎಳೆಯುತ್ತಿರುತ್ತದೆ. 6 ಆಂಪಿಯರಿನಲ್ಲಿ, ಅಂದರೆ 1.3 ಕಿಲೋವ್ಯಾಟಿನಲ್ಲಿ, ಇದೇ ಐದನೇ ಒಂದು ಭಾಗ, 7.2 ಕಿಲೋವ್ಯಾಟಿನ ವಾಲ್ ಬಾಕ್ಸಿನಲ್ಲಿ ಗಣನೆಗೇ ಬಾರದು. 'ನಿಧಾನ ಚಾರ್ಜ್ ಮಾಡಿದರೆ ಉಳಿತಾಯ' ಎನ್ನುವುದು ತೀರಾ ನಿಧಾನಕ್ಕೆ ಹೊಂದುವ ಮಾತಲ್ಲ.

15 ಆಂಪ್ ಸಾಕೆಟ್ಟೇ ಬಳಸುವುದಾದರೆ ಗೀಸರಿನ ಲೈನಿನಿಂದ ಕವಲು ತೆಗೆಯಬೇಡಿ. ಗೀಸರ್ ಹತ್ತು ನಿಮಿಷ ಓಡುತ್ತದೆ, ಕಾರು ಹತ್ತು ಗಂಟೆ. ಮೀಟರ್ ಬೋರ್ಡಿನಿಂದ ಪ್ರತ್ಯೇಕ 4 ಚದರ ಮಿಮೀ ತಾಮ್ರದ ವೈರ್, ಅದಕ್ಕೇ ಒಂದು ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್, ಇಂಡಸ್ಟ್ರಿಯಲ್ ದರ್ಜೆಯ ಸಾಕೆಟ್. ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಿದರೆ ಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಿಲ್ಲಿಸಿ. ಸಡಿಲವಾದ ಸ್ಕ್ರೂನಿಂದ ಸಾಕೆಟ್ ಕರಗುವುದು ಮಾಮೂಲಿ ತೊಂದರೆ.

ಅಪಾರ್ಟ್‌ಮೆಂಟಲ್ಲಿ ಕರೆಂಟ್ ಹೋದರೆ ಕಾರು ಡೀಸೆಲ್ ಜನರೇಟರಲ್ಲಿ ಚಾರ್ಜ್ ಆಗುತ್ತೆ. ಇದೆಂಥ ತಮಾಷೆ?

ತಮಾಷೆಯೇ. ಒಳ್ಳೆಯ ಲೋಡಿನಲ್ಲಿ ಜನರೇಟರ್ ಲೀಟರಿಗೆ 3.3–3.5 ಯೂನಿಟ್ ಕೊಡುತ್ತದೆ. 16 ಯೂನಿಟ್ಟಿಗೆ 4.7 ಲೀಟರ್ ಡೀಸೆಲ್. ಲೀಟರಿಗೆ 21 ಕಿಮೀ ಓಡಿದ ಹಾಗೆ, ಡೀಸೆಲ್ ಕಾರಿಗಿಂತ ಕೆಟ್ಟದ್ದೇನಲ್ಲ. ಆದರೆ ರಾತ್ರಿ ಕಡಿಮೆ ಲೋಡಿನಲ್ಲಿ ಲೀಟರಿಗೆ 2.5 ಯೂನಿಟ್ಟಿಗೆ ಇಳಿದರೆ ಡೀಸೆಲ್ ಕಾರೇ ವಾಸಿ. ಚಾರ್ಜರ್ ಲೈನನ್ನು ಬ್ಯಾಕಪ್ ಬೋರ್ಡಿನಿಂದ ಬೇರ್ಪಡಿಸುವಂತೆ ಸಂಘದವರಿಗೆ ಹೇಳಿ. ಎಲೆಕ್ಟ್ರಿಷಿಯನ್‌ಗೆ ಒಂದು ದಿನದ ಕೆಲಸ.

## ಇನ್ನೂ ಆಳಕ್ಕೆ

ಬ್ಯಾಟರಿ ಮಾಡೋಕೇ ಅಷ್ಟೊಂದು ಹೊಗೆ ಆಗುತ್ತಂತಲ್ಲ. ಅದನ್ನ ಯಾವಾಗ ತೀರಿಸೋದು?

ಕಾರ್ಖಾನೆಯ ಕರೆಂಟ್ ಎಂಥದ್ದು, ಯಾವ ರಸಾಯನ ಎನ್ನುವುದರ ಮೇಲೆ, ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. ನಿಕ್ಕಲ್-ಕೋಬಾಲ್ಟ್ ಇಲ್ಲದ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿ, ಅಂದರೆ ಎಲ್‌ಎಫ್‌ಪಿ ಇದರ ಕೆಳ ತುದಿಗೆ. 40 ಯೂನಿಟ್ಟಿನ ಬ್ಯಾಟರಿಗೆ ಸುಮಾರು 3 ಟನ್ ಸಾಲ ಎನ್ನಿ. ದೇಶದ ಸರಾಸರಿ ಕರೆಂಟಿನಲ್ಲಿ 100 ಕಿಮೀಗೆ ಉಳಿಯುವುದು 4.5 ಕೆಜಿ, ಸಾಲ ತೀರಲು 65–70 ಸಾವಿರ ಕಿಮೀ. ಹಗಲಿನ ಸೋಲಾರಿನಲ್ಲಿ ಉಳಿಯುವುದು 17–18 ಕೆಜಿ. ಆಗ 17 ಸಾವಿರ ಕಿಮೀಗೆ ತೀರುತ್ತದೆ.

ವರ್ಷಕ್ಕೆ 25,000 ಓಡುವ ಟ್ಯಾಕ್ಸಿಗೆ ಇದು ಮೂರು ವರ್ಷದೊಳಗಿನ ಮಾತು. ವಾರಕ್ಕೊಮ್ಮೆ ದೇವಸ್ಥಾನಕ್ಕೆ, ಮದುವೆಗೆ ಎಂದು ವರ್ಷಕ್ಕೆ 5,000 ಕಿಮೀ ಓಡಿಸುವವರಿಗೆ ಹದಿಮೂರು ವರ್ಷ. ಅಂಥವರು 60–70 ಯೂನಿಟ್ಟಿನ ದೊಡ್ಡ ಬ್ಯಾಟರಿ ಕೊಳ್ಳುವುದರಲ್ಲಿ ಅರ್ಥವೇ ಇಲ್ಲ.

ಕರ್ನಾಟಕದ ಕರೆಂಟ್ ಹಸಿರು ಅಂತಾರಲ್ಲ, ಪಾವಗಡ ಇದೆ, ಶರಾವತಿ ಇದೆ. ನಮ್ಮ ಲೆಕ್ಕ ಬೇರೆ ಅಲ್ವಾ?

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಕೈಗಾದ ನಾಲ್ಕು ಅಣು ಘಟಕಗಳು 880, ಶರಾವತಿ 1,035; ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಬೇರೆ. ಮಳೆ ಚೆನ್ನಾಗಿ ಆದ ವರ್ಷ ರಾಜ್ಯದ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲೇತರ. ಆ ಸರಾಸರಿ ಹಿಡಿದರೆ ಎಲೆಕ್ಟ್ರಿಕ್ ಕಾರಿನ 14 ಕೆಜಿ ಹತ್ತರ ಕೆಳಗೆ ಬರುತ್ತದೆ, ಸ್ಟ್ರಾಂಗ್ ಹೈಬ್ರಿಡ್ ಹಿಂದೆ ಬೀಳುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆದಾಗ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಒಂದಾಯಿತು. ಅಂದಿನಿಂದ ಬೆಂಗಳೂರಿನಲ್ಲಿ ರಾತ್ರಿ ಒಂದು ಕಾರು ಹೆಚ್ಚಾಗಿ ಚಾರ್ಜಿಗೆ ನಿಂತರೆ ಅದಕ್ಕಾಗಿ ಕೈಗಾ ಹೆಚ್ಚು ಉತ್ಪಾದಿಸುವುದಿಲ್ಲ. ಅದು ಮೊದಲೇ ಪೂರ್ಣ ಲೋಡಿನಲ್ಲಿರುತ್ತದೆ. ಎಲ್ಲೋ ಒಂದು ಕಲ್ಲಿದ್ದಲ ಘಟಕ, ಬಳ್ಳಾರಿಯದ್ದೋ ಛತ್ತೀಸಗಢದ್ದೋ, ಸ್ವಲ್ಪ ಹೆಚ್ಚು ಉರಿಯುತ್ತದೆ. ಸರಾಸರಿ ಲೆಕ್ಕ ಎಲೆಕ್ಟ್ರಿಕ್ ಪರವಾಗಿ, ಹೆಚ್ಚುವರಿ ಯೂನಿಟ್ಟಿನ ಲೆಕ್ಕ ವಿರುದ್ಧವಾಗಿ ಮಾತಾಡುತ್ತದೆ. ಹತ್ತು-ಹದಿನೈದು ವರ್ಷದ ಅವಧಿಗೆ ಸರಾಸರಿಯೇ ಸತ್ಯಕ್ಕೆ ಹತ್ತಿರ, ಯಾಕೆಂದರೆ ಬೇಡಿಕೆ ನೋಡಿಯೇ ಹೊಸ ಸ್ಥಾವರಗಳು ಏಳುತ್ತವೆ, ಈಗ ಏಳುತ್ತಿರುವುದರಲ್ಲಿ ಹೆಚ್ಚಿನವು ಸೋಲಾರ್. ಇವತ್ತು ರಾತ್ರಿಯ ಲೆಕ್ಕಕ್ಕೆ ಎರಡನೆಯದು.

ಈಗ ಪೆಟ್ರೋಲಲ್ಲೇ 20 ಭಾಗ ಎಥನಾಲ್. ಹಾಗಾದ್ರೆ ಪೆಟ್ರೋಲ್ ಕಾರೂ ಅಷ್ಟು ಹಸಿರಾಯ್ತಲ್ಲ?

ಅಷ್ಟೂ ಅಲ್ಲ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. 15 ಕೊಡುತ್ತಿದ್ದ ಕಾರು ಈ 20 ಭಾಗದ ಮಿಶ್ರಣದಲ್ಲಿ, ಅಂದರೆ ಇ20ಯಲ್ಲಿ, 14ಕ್ಕೆ ಇಳಿಯುತ್ತದೆ: 7.1 ಲೀಟರ್, ಅದರಲ್ಲಿ ಪೆಟ್ರೋಲ್ 5.7. ಎಣ್ಣೆಯ ಉಳಿತಾಯ ಶೇ. 20 ಅಲ್ಲ, 15. ಎಥನಾಲ್ ಮಾಡುವ ಬೆಳೆಗೆ ಹಾಕಿದ ಯೂರಿಯಾ ನೈಸರ್ಗಿಕ ಅನಿಲದ್ದು, ಟ್ರ್ಯಾಕ್ಟರಿನದ್ದು ಡೀಸೆಲ್. ಮಂಡ್ಯ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನೇ ಉರಿಸುವುದರಿಂದ ಅಲ್ಲಿ ಪರವಾಗಿಲ್ಲ. ಮೆಕ್ಕೆಜೋಳ, ಅಕ್ಕಿಯಿಂದ ಎಥನಾಲ್ ತೆಗೆಯುವಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹೋಗುವುದುಂಟು. ನೀರಿನ ಪ್ರಶ್ನೆ ಬೇರೆಯೇ ಒಂದು ಜಗಳ.

ಸಿಎನ್‌ಜಿ?

ಅದೂ ನೆಲದಿಂದ ತೆಗೆದದ್ದೇ, ಅರ್ಧದಷ್ಟು ಹಡಗಿನಲ್ಲಿ ಬಂದದ್ದು. ಹೊಗೆ ಪೆಟ್ರೋಲಿಗಿಂತ ಕಡಿಮೆ, ಆದರೆ ಪಳೆಯುಳಿಕೆ ಇಂಧನದ ಪಟ್ಟಿಯಿಂದ ಹೊರಗೆ ಬರುವುದಿಲ್ಲ.

ನನ್ನ ಹಳೇ ಕಾರು ಮಾರಿ ಎಲೆಕ್ಟ್ರಿಕ್ ತಗೊಂಡರೆ, ಹಳೇದು ಇನ್ನೊಬ್ಬರು ಓಡಿಸ್ತಾರಲ್ಲ?

ಓಡಿಸುತ್ತಾರೆ. ಅವರು ಅದಕ್ಕಿಂತ ಹೆಚ್ಚು ಕುಡಿಯುವ ಕಾರನ್ನು ಬಿಟ್ಟಿದ್ದರೆ ಉಳಿತಾಯ, ಬಸ್ಸು ಬಿಟ್ಟಿದ್ದರೆ ನಷ್ಟ. ನಿಮ್ಮ ಹೊಸ ಕಾರು ಮನೆಯ ಮೂರನೆಯದಾಗಿ, ಹಳೆಯದು ಅಲ್ಲೇ ನಿಂತಿದ್ದರೆ ಇಂಧನ ಉಳಿತಾಯದ ಮಾತೇ ಬೇಡ.

ನಾವು ನಾಲ್ಕು ಜನ ಕಾರು ಬದಲಾಯಿಸಿದರೆ ದೇಶದ ಎಣ್ಣೆ ಉಳಿಯುತ್ತಾ?

ಬರೀ ಕಾರಿನಿಂದ ಹೆಚ್ಚು ಉಳಿಯದು. ಭಾರತ ಬಳಸುವ ಪೆಟ್ರೋಲಿಯಂ ಉತ್ಪನ್ನಗಳಲ್ಲಿ ಡೀಸೆಲ್ ಒಂದೇ ಶೇ. 40ರ ಹತ್ತಿರ, ಪೆಟ್ರೋಲ್ ಶೇ. 16ರ ಸುತ್ತ, ಆ ಪೆಟ್ರೋಲಿನಲ್ಲೂ ಅರ್ಧಕ್ಕಿಂತ ಹೆಚ್ಚು ದ್ವಿಚಕ್ರ ವಾಹನಗಳದ್ದು. ಸ್ಕೂಟರಿನ ಲೆಕ್ಕ ಬಹಳ ಚೆಂದ: ಲೀಟರಿಗೆ 45 ಕಿಮೀ ಕೊಡುವ ಪೆಟ್ರೋಲ್ ಸ್ಕೂಟರ್ 100 ಕಿಮೀಗೆ 6 ಕೆಜಿ ಹೊಗೆ, ಮೂರೂವರೆ ಯೂನಿಟ್ ತಿನ್ನುವ ಎಲೆಕ್ಟ್ರಿಕ್ ಸ್ಕೂಟರ್ ಸರಾಸರಿ ಗ್ರಿಡ್‌ನಲ್ಲೂ 3 ಕೆಜಿ. ಬ್ಯಾಟರಿಯೂ ಮೂರು-ನಾಲ್ಕು ಯೂನಿಟ್ಟಿನದು, ಅದರ ಸಾಲ ಬೇಗ ತೀರುತ್ತದೆ.

ಇನ್ನು ಬಸ್ಸು. ದಿನಕ್ಕೆ 200 ಕಿಮೀ ಓಡುವ ನಗರದ ಡೀಸೆಲ್ ಬಸ್ಸು ಲೀಟರಿಗೆ 4 ಕಿಮೀಯಂತೆ 50 ಲೀಟರ್ ಕುಡಿಯುತ್ತದೆ. ವರ್ಷಕ್ಕೆ 12,000 ಕಿಮೀ ಓಡುವ ಕಾರಿನದ್ದು ದಿನಕ್ಕೆ 2.2 ಲೀಟರ್. ಬಿಎಂಟಿಸಿ ಒಂದು ಎಲೆಕ್ಟ್ರಿಕ್ ಬಸ್ಸು ಇಳಿಸಿದರೆ ಇಪ್ಪತ್ತೆರಡು ಕಾರು ಬದಲಾದಷ್ಟು ಎಣ್ಣೆ ಉಳಿಯಿತು, ಆ ಬಸ್ಸು ಹತ್ತಿದವರ ಕಾರು ಮನೆಯಲ್ಲೇ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯದೆ.

ಜಗತ್ತಿನ ಮಟ್ಟದಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ವಿದ್ಯುತ್ ವಾಹನಗಳಿಂದ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್‌ಗೂ ಹೆಚ್ಚು ಎಣ್ಣೆ ಉಳಿದಿದೆ. ಜಗತ್ತು ಬಳಸುವುದು ದಿನಕ್ಕೆ ಹತ್ತು ಕೋಟಿ ಬ್ಯಾರೆಲ್‌ಗೂ ಮೇಲೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಎಲೆಕ್ಟ್ರಿಕ್, ಕರೆಂಟ್ ಬಹುತೇಕ ಜಲವಿದ್ಯುತ್. ಅಲ್ಲಿ ನಮ್ಮ ಕಲ್ಲಿದ್ದಲಿನ ಚರ್ಚೆಯೇ ಏಳುವುದಿಲ್ಲ.

ನನ್ನ ಕಾರಿನ ಲೆಕ್ಕ ನಾನೇ ಹೇಗೆ ಮಾಡ್ಕೊಳ್ಳೋದು?

ಕನಿಷ್ಠ ಒಂದು ತಿಂಗಳು ಅಳೆಯಿರಿ. ಚಾರ್ಜರ್ ಲೈನಿಗೆ ಒಂದು ಸಬ್ ಮೀಟರ್ ಹಾಕಿಸಿ. ಸಿಂಗಲ್ ಫೇಸಿನದ್ದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೊರಗಿನ ಫಾಸ್ಟ್ ಚಾರ್ಜರಿನ ಯೂನಿಟ್‌ಗಳನ್ನು ಆ್ಯಪಿನ ಬಿಲ್ಲಿನಿಂದ ತೆಗೆದುಕೊಂಡು ಸೇರಿಸಿ. ಓಡೋಮೀಟರ್ ಮೊದಲ ದಿನ, ಕೊನೆಯ ದಿನ ಬರೆದಿಡಿ. ಎರಡೂ ಸಲ ಬ್ಯಾಟರಿ ಒಂದೇ ಶೇಕಡಾವಾರಿನಲ್ಲಿರಲಿ, ಇಲ್ಲದಿದ್ದರೆ ಲೆಕ್ಕ ಜಾರುತ್ತದೆ. ಪ್ಲಗ್-ಇನ್ ಆದರೆ ಪೆಟ್ರೋಲನ್ನು ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಅಳೆಯಿರಿ, ನಳಿಕೆ ಮೊದಲ ಬಾರಿ ತಾನೇ ನಿಂತಲ್ಲಿಗೆ ಸಾಕು ಎನ್ನಿ.

ಬಂದ ಯೂನಿಟ್ಟನ್ನು 0.85ರಿಂದ ಭಾಗಿಸಿ 0.72ರಿಂದ ಗುಣಿಸಿದರೆ ಕರೆಂಟಿನ ಹೊಗೆ, ಕೆಜಿಯಲ್ಲಿ. ಹಗಲು ಸ್ವಂತ ಸೋಲಾರಿನಿಂದ ನೇರ ಹೋದ ಯೂನಿಟ್‌ಗಳನ್ನು ಮೊದಲೇ ಕಳೆದುಬಿಡಿ. ಪೆಟ್ರೋಲ್ ಲೀಟರನ್ನು 2.8ರಿಂದ ಗುಣಿಸಿ, ಡೀಸೆಲ್ ಆದರೆ 3.2ರಿಂದ. ಬಂಕಿನವರೆಗಿನ ಖರ್ಚು ಇದರಲ್ಲೇ ಸೇರಿದೆ. ಎರಡನ್ನೂ ಕೂಡಿಸಿ, ಓಡಿದ ಕಿಮೀಯಿಂದ ಭಾಗಿಸಿ, ನೂರರಿಂದ ಗುಣಿಸಿ. ಸಣ್ಣ ಎಸ್‌ಯುವಿಗೆ 12ರ ಕೆಳಗೆ ಬಂದರೆ ನಿಮ್ಮ ಕಾರು ಸ್ಟ್ರಾಂಗ್ ಹೈಬ್ರಿಡ್ಡನ್ನೂ ಮೀರಿಸುತ್ತಿದೆ. 18ರ ಹತ್ತಿರ ಬಂದರೆ ಟ್ರಾಫಿಕ್ಕಿನಲ್ಲಿ ಎಸಿಯನ್ನು 18 ಡಿಗ್ರಿಗೆ ಇಡುತ್ತಿದ್ದೀರಾ ನೋಡಿ. ಗಂಟೆಗೆ 18 ಕಿಮೀ ಸಾಗುವ ರಸ್ತೆಯಲ್ಲಿ 1 ಕಿಲೋವ್ಯಾಟ್ ಎಳೆಯುವ ಎಸಿ ಒಂದೇ 100 ಕಿಮೀಗೆ ಐದೂವರೆ ಯೂನಿಟ್ ನುಂಗುತ್ತದೆ. ಟೈರಿನ ಗಾಳಿಯನ್ನೂ ನೋಡಿಸಿ, ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಷ್ಟು, ಬೆಳಿಗ್ಗೆ ಟೈರ್ ತಣ್ಣಗಿರುವಾಗ.